ಕಿಟ್, ಪಾತಿ, ಗೊಬ್ಬರ: ಸರ್ಕಾರದ ಮೂರು ನೆರವನ್ನೂ ಬಳಸಿ ನೋಡಿದ ಮೇಲೆ

ನಗರದಲ್ಲಿ ತರಕಾರಿ ಬೆಳೆಯುವವರಿಗೆ ಸರ್ಕಾರ ಕೊಡುವ ನೆರವು ಹೆಚ್ಚುಕಡಿಮೆ ಮೂರು ಥರ. ಸಹಾಯಧನದ ಕಿಟ್, ಸಾರ್ವಜನಿಕ ಜಾಗದಲ್ಲಿ ಒಂದು ಪಾತಿ, ಇಲ್ಲಾಂದ್ರೆ ಪುಕ್ಕಟೆ ಕಾಂಪೋಸ್ಟ್ ಮತ್ತು ತರಬೇತಿ. ನಾಲ್ಕು ವರ್ಷದಲ್ಲಿ ಮೂರನ್ನೂ ನೋಡಿಬಿಟ್ಟೆ.

ಕಿಟ್ ಶುರುವಿಗೆ ಖುಷಿ ಕೊಡುತ್ತದೆ. ಇಟ್ಟಿಗೆಯ ಹಾಗೆ ಒತ್ತಿದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ನೀರಿಗೆ ಹಾಕಿದರೆ ಉಬ್ಬಿ ಉಬ್ಬಿ ಬಕೆಟ್ ತುಂಬುತ್ತದೆ. ಆದರೆ ಅದರಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ, ಅಲ್ವಾ? ಉಪ್ಪಿನಂಶ ಹೋಗಲು ಎರಡು ಮೂರು ಸಲ ತೊಳೆಯಬೇಕು ಅಂತ ಯಾರೂ ಹೇಳಿರಲಿಲ್ಲ. ಟೊಮೆಟೊ ಗಿಡ ಹೂ ಬಿಟ್ಟು, ಎಲೆ ಹಳದಿಯಾಗಿ, ಅಲ್ಲಿಗೇ ನಿಂತುಬಿಟ್ಟಿತು. ಎರಡನೇ ಬೇಸಿಗೆಗೆ ಕಿಟ್ಟಿನ ಗ್ರೋಬ್ಯಾಗ್ (ಗಿಡ ಬೆಳೆಸುವ ಚೀಲ) ಎತ್ತಲು ಹೋದರೆ ಹಿಡಿ ನನ್ನ ಕೈಯಲ್ಲಿ, ಮಣ್ಣೆಲ್ಲ ಕಾಲ ಮೇಲೆ. ಸಿಂಗಪುರದಲ್ಲಿ 2020ರಲ್ಲಿ ಮನೆಗಳಿಗೆ ಬರೀ ಬೀಜದ ಪೊಟ್ಟಣ ಹಂಚಿದ್ದರು. ಶುರು ಮಾಡಲು ಅಷ್ಟು ಸಾಕು ಅಂತ ಈಗ ಅನ್ನಿಸುತ್ತದೆ.

ಬೆಳೆಯ ಲೆಕ್ಕದಲ್ಲಿ ಗೆದ್ದಿದ್ದು ಪಾತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ತಿಂಗಳು ನಾನು ಅಗೆದಿದ್ದು ಮಣ್ಣಲ್ಲ, ಇಟ್ಟಿಗೆ ಚೂರು. ಹಳೇ ಕಟ್ಟಡ ಕೆಡವಿದ ಜಾಗದ ಮಣ್ಣಲ್ಲಿ ಹಳೇ ಪೇಂಟಿನಲ್ಲಿದ್ದ ಸೀಸ ಅನ್ನೋ ವಿಷದ ಲೋಹ ಉಳಿದಿರಬಹುದು, ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸದೆ ಸೊಪ್ಪು, ಗೆಡ್ಡೆ ಹಾಕಬೇಡಿ. ನಾನು ಹಲಗೆ ಕಟ್ಟಿ, ಒಂದಡಿ ಹೊಸ ಮಣ್ಣು ತುಂಬಿ, ನಲ್ಲಿ ದೂರ ಅಂತ ದಿನಾ ಎಂಟು ಕೊಡ ಹೊತ್ತು, ಅಂತೂ ಎರಡನೇ ವರ್ಷ ನೆಲ ಹದಕ್ಕೆ ಬಂತು. ಅದೇ ಹೊತ್ತಿಗೆ ಪತ್ರವೂ ಬಂತು: ಜಾಗ ಬೇರೆ ಕೆಲಸಕ್ಕೆ ಬೇಕು, ಕರಾರು ಮುಂದುವರಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ಇಂಥ ಪಾತಿಗಳಿಗಂತಲೇ ಕೊಂಡ ಜಾಗವನ್ನು ಮಂತ್ರಿಯ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, 1925ರಿಂದ ಹಾಗೆ ಕಾನೂನೇ ಇದೆ. ಓದಿ ಹೊಟ್ಟೆ ಉರಿಯಿತು.

ಕಾಂಪೋಸ್ಟ್ ಬಗ್ಗೆ ನನಗೆ ಏನೂ ನಿರೀಕ್ಷೆ ಇರಲಿಲ್ಲ. ಚೀಲ ನಾವೇ ಒಯ್ಯಬೇಕು, ತುಂಬಿಕೊಂಡು ಬರಬೇಕು, ಅಷ್ಟೇ. ಮೊದಲ ಸಲ ತಂದಿದ್ದು ಕೈ ಇಟ್ಟರೆ ಇನ್ನೂ ಬೆಚ್ಚಗಿತ್ತು, ಮೂಗಿಗೆ ಘಾಟು ಹೊಡೆಯುತ್ತಿತ್ತು. ಸುಮ್ನೆ ಹಾಕಿಬಿಟ್ಟೆ, ಸಸಿಗಳೆಲ್ಲ ಸುಟ್ಟುಹೋದವು. ತರಬೇತಿಯಲ್ಲಿ ಕೇಳಿದಾಗ ಹೇಳಿಕೊಡುತ್ತಿದ್ದ ಅಮ್ಮ ನಕ್ಕು, "ಮಳೆ ಬಿದ್ದ ಮಣ್ಣಿನ ವಾಸನೆ ಬರುವವರೆಗೆ ಮುಟ್ಟಬೇಡಿ" ಅಂದರು. ಮುಂದಿನ ಸಲದ್ದನ್ನು ಒಂದೂವರೆ ತಿಂಗಳು ಮೂಲೆಯಲ್ಲಿಟ್ಟು, ಕಿಟ್ಟಿನಲ್ಲಿ ಉಳಿದಿದ್ದ ಕೋಕೋಪೀಟ್ ಜೊತೆ ಬೆರೆಸಿದೆ. ಅದರಲ್ಲೇ ಟೊಮೆಟೊ ಗೊಂಚಲು ಗೊಂಚಲಾಗಿ ಬಂತು.

ಹಾಗಾಗಿ ಬಾಲ್ಕನಿಯವರಿಗೆ ನನ್ನ ಓಟು ಕಾಂಪೋಸ್ಟಿಗೆ. ಕಿಟ್ ಸಿಕ್ಕರೆ ತಗೊಳ್ಳಿ, ಅದಕ್ಕೋಸ್ಕರ ಜಾಸ್ತಿ ಓಡಾಡಬೇಡಿ. ಪಾತಿಗೆ ನಾನಂತೂ ಮತ್ತೆ ಅರ್ಜಿ ಹಾಕಿದ್ದೇನೆ. ಈ ಸಲ ಎರಡೇ ಪ್ರಶ್ನೆ ಕೇಳಿದೆ: ಎಷ್ಟು ವರ್ಷಕ್ಕೆ, ನಲ್ಲಿ ಎಷ್ಟು ದೂರ? ನಲ್ಲಿ ಪಕ್ಕದಲ್ಲೇ ಇದೆಯಂತೆ. ವರ್ಷದ ಪ್ರಶ್ನೆಗೆ "ನೋಡೋಣ" ಅಂದರು.