ಕರ್ನಲ್ ಕುಸಿತಕ್ಕೆಂದು ಎತ್ತಿಟ್ಟ ಮೆಮೊರಿ: ಕೆಡಂಪ್‌ನ ದೀರ್ಘಕಾಲದ ಬಳಕೆಯ ವಿಮರ್ಶೆ

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಲೆಕ್ಕವಿಡುವ ಸರ್ವರ್‌ಗಳನ್ನೂ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಕಚೇರಿಯ ಯಂತ್ರಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವೂ ಲಿನಕ್ಸ್ ಯಂತ್ರಗಳು. ಎಲ್ಲದರಲ್ಲೂ ಹಲವು ವರ್ಷಗಳಿಂದ ಕೆಡಂಪ್ ಇದೆ; ಲಿನಕ್ಸ್‌ನ ತಿರುಳಾದ ಕರ್ನಲ್ ಕುಸಿದಾಗ ಆ ಕ್ಷಣದ ಮೆಮೊರಿಯ ನಕಲನ್ನು (ಡಂಪ್) ಉಳಿಸಿಕೊಡುವ ವ್ಯವಸ್ಥೆ ಇದು. ಇದನ್ನು ಬಳಸಬೇಕಾದರೆ ಮೆಮೊರಿಯ ಒಂದು ಭಾಗವನ್ನು ಬೂಟ್ ಸಮಯದಲ್ಲೇ ಬಿಟ್ಟುಕೊಡಬೇಕಾಗುತ್ತದೆ. ಆ ಬೆಲೆ ತೆರುವುದು ತಕ್ಕದ್ದೇ ಎಂದು ಕೇಳುವವರಿಗಾಗಿ ಈ ವಿಮರ್ಶೆ.

ಕರ್ನಲ್ ಪ್ಯಾನಿಕ್ ಆದ, ಎಂದರೆ ಸರಿಪಡಿಸಲಾಗದ ದೋಷದಿಂದ ಕುಸಿದ, ಕ್ಷಣದಲ್ಲಿ ಅದರ ಯಾವ ಭಾಗವನ್ನೂ ನಂಬುವಂತಿಲ್ಲ. ಡಿಸ್ಕ್‌ಗೆ ಬರೆಯುವ ಚಾಲಕವೇ (ಸಾಧನವನ್ನು ನಡೆಸುವ ತಂತ್ರಾಂಶ, ಡ್ರೈವರ್) ಕೆಟ್ಟಿರಬಹುದು, ಆದ್ದರಿಂದ ಕೊನೆಯ ಸಂದೇಶಗಳು ಲಾಗ್ ಕಡತವನ್ನು ತಲುಪುವುದೇ ಅಪರೂಪ. 2005ರಲ್ಲಿ ಲಿನಕ್ಸ್ 2.6.13ರೊಂದಿಗೆ ಮುಖ್ಯ ಕರ್ನಲ್‌ಗೆ ಸೇರಿದ ಕೆಡಂಪ್ ಇದಕ್ಕೆ ಬೇರೆಯದೇ ದಾರಿ ಹಿಡಿಯಿತು. ಬೂಟ್ ಆಗುವಾಗ ಕ್ರ್ಯಾಶ್‌ಕರ್ನಲ್ ಎಂಬ ಆಯ್ಕೆಯಲ್ಲಿ ಹೇಳಿದಷ್ಟು ಭೌತಿಕ ಮೆಮೊರಿಯನ್ನು ಒಂದೇ ತುಂಡಾಗಿ ಪ್ರತ್ಯೇಕಿಸಿ, ಅದರೊಳಗೆ ಎರಡನೆಯ ಕರ್ನಲ್ ಒಂದನ್ನು ಸಿದ್ಧವಾಗಿ ಇರಿಸಲಾಗುತ್ತದೆ. ಮೊದಲನೆಯದು ಕುಸಿದಾಗ, ಒಂದು ಕರ್ನಲ್‌ನಿಂದ ಇನ್ನೊಂದನ್ನು ನೇರವಾಗಿ ಎಬ್ಬಿಸುವ ಕೆಎಕ್ಸೆಕ್ ಮೂಲಕ, ಬಯಾಸ್‌ಗೆ ಹೋಗದೆ, ನೇರವಾಗಿ ಎರಡನೆಯದು ಎದ್ದು, ಸತ್ತ ಕರ್ನಲ್‌ನ ಮೆಮೊರಿಯನ್ನು ವಿಎಂಕೋರ್ ಎಂಬ ಕಡತದ ರೂಪದಲ್ಲಿ ಕಂಡು, ಅದನ್ನು ಡಿಸ್ಕ್‌ಗೆ ಬರೆಯುತ್ತದೆ. ಕುಸಿದ ಮೇಲೆಯೂ ನೆಟ್‌ವರ್ಕ್ ಕಾರ್ಡ್‌ನಂಥ ಸಾಧನಗಳು ತಮಗೆ ಮೊದಲೇ ಕೊಟ್ಟ ವಿಳಾಸಗಳಿಗೆ ಡಿಎಂಎ (ಪ್ರೊಸೆಸರ್‌ನ ನೆರವಿಲ್ಲದೆ ಸಾಧನವೇ ಮೆಮೊರಿಗೆ ಬರೆಯುವ ವಿಧಾನ) ಮೂಲಕ ಬರೆಯುತ್ತಲೇ ಇರಬಹುದಾದ್ದರಿಂದ, ಸಾಧಾರಣವಾಗಿ ಮೊದಲ ಕರ್ನಲ್ ಎಂದೂ ಯಾರಿಗೂ ಹಂಚದ ಜಾಗ ಮಾತ್ರ ಸುರಕ್ಷಿತ. ಬೇಕಾದಾಗ ತೆಗೆದುಕೊಂಡರಾಯಿತು ಎನ್ನಲು ಬಾರದಿರುವುದು ಈ ಕಾರಣಕ್ಕೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ಇದರ ಪ್ರಯೋಜನ ನನಗೆ ತಿಳಿಯಿತು. ತೂಕದ ಸರ್ವರ್ ರಾತ್ರಿ ಹೊತ್ತು ತಾನಾಗಿ ಮರುಬೂಟ್ ಆಗುತ್ತಿತ್ತು. ಅಷ್ಟು ಹೊತ್ತು ಕಬ್ಬು ಹೊತ್ತ ಲಾರಿ, ಟ್ರ್ಯಾಕ್ಟರ್, ಎತ್ತಿನ ಗಾಡಿಗಳು ಸಾಲಿನಲ್ಲೇ ನಿಲ್ಲುತ್ತಿದ್ದವು. ಯಂತ್ರ ಮಾರಿದವರು ಕರೆಂಟಿನ ಏರಿಳಿತವೇ ಕಾರಣವೆಂದು ಪಟ್ಟು ಹಿಡಿದಿದ್ದರು. ಕೆಡಂಪ್ ಉಳಿಸಿಕೊಟ್ಟ ಕಡತವನ್ನು ಅದೇ ಆವೃತ್ತಿಯ ಕರ್ನಲ್‌ನ ಡೀಬಗ್ ಮಾಹಿತಿಯೊಂದಿಗೆ ಕ್ರ್ಯಾಶ್ ಎಂಬ ಉಪಕರಣದಲ್ಲಿ ತೆರೆದಾಗ, ಅವರೇ ಒದಗಿಸಿದ್ದ ನೆಟ್‌ವರ್ಕ್ ಚಾಲಕ ಈಗಾಗಲೇ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ್ದು ಕಾಣಿಸಿತು. ಆ ಪುರಾವೆಯ ಮುಂದೆ ವಾದ ನಿಲ್ಲಲಿಲ್ಲ, ಚಾಲಕ ಬದಲಾಯಿತು. ಇಷ್ಟಕ್ಕಾಗಿಯೇ ನಾನು ಈ ವ್ಯವಸ್ಥೆಗೆ ಋಣಿ.

ಎಷ್ಟು ಮೆಮೊರಿ ಎತ್ತಿಡಬೇಕು ಎಂಬುದೇ ಇಲ್ಲಿನ ಕಷ್ಟದ ಪ್ರಶ್ನೆ. 64 ಬಿಟ್‌ನ ಇಂಟೆಲ್ ಮತ್ತು ಎಎಂಡಿ ಯಂತ್ರಗಳಿಗೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಇಟ್ಟಿರುವ ಪೂರ್ವನಿಗದಿಯ ಪ್ರಕಾರ ಯಂತ್ರದ ಒಟ್ಟು ಮೆಮೊರಿ 1ರಿಂದ 4 ಜಿಬಿವರೆಗಿದ್ದರೆ 192 ಎಂಬಿ, 4ರಿಂದ 64 ಜಿಬಿವರೆಗೆ 256 ಎಂಬಿ, ಅದಕ್ಕೂ ಮೇಲ್ಪಟ್ಟರೆ 512 ಎಂಬಿ. ದೊಡ್ಡ ಸರ್ವರ್‌ನಲ್ಲಿ ಇದು ಲೆಕ್ಕಕ್ಕೇ ಬಾರದು; ಆದರೆ 4 ಜಿಬಿಗೂ ಕಡಿಮೆ ಇರುವ ಹಳೆಯ ಯಂತ್ರದಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಅಥವಾ ಅದಕ್ಕೂ ಹೆಚ್ಚು ಹೋಗುತ್ತದೆ, ಮತ್ತು ಹೀಗೆ ಹೋದದ್ದು ಒಟ್ಟು ಮೆಮೊರಿಯ ಅಂಕಿಯಲ್ಲಿಯೇ ಕಾಣಿಸುವುದಿಲ್ಲ. ಹೊಸಬರು ಮೆಮೊರಿ ಚಿಪ್ ಕೆಟ್ಟಿದೆಯೆಂದು ಭಾವಿಸುವುದನ್ನು ನೋಡಿದ್ದೇನೆ.

ಈ ಅಂಕಿಗಳನ್ನು ಆರಂಭವೆಂದು ತಿಳಿಯಬೇಕೇ ಹೊರತು ಅಂತಿಮವೆಂದಲ್ಲ. ಎರಡನೆಯ ಕರ್ನಲ್‌ಗೆ ಬೇಕಾಗುವ ಜಾಗ ಮುಖ್ಯವಾಗಿ ಅದು ಎಷ್ಟು ಚಾಲಕಗಳನ್ನು ಏಳಿಸುತ್ತದೆ, ಡಂಪನ್ನು ಎಲ್ಲಿಗೆ ಕಳಿಸುತ್ತದೆ ಎಂಬುದನ್ನು ಅವಲಂಬಿಸಿದೆ. ನಮ್ಮಲ್ಲಿ ಕರ್ನಲ್ ಆವೃತ್ತಿ ಬದಲಾದ ಮೇಲೆ ಮಾಡಿದ ಪರೀಕ್ಷೆಯೊಂದರಲ್ಲಿ, ಹಿಂದೆ ಸಾಕಾಗಿದ್ದ ಅಳತೆಯೇ ಸಾಲದೆ ಎರಡನೆಯ ಕರ್ನಲ್ ಕೂಡ ಮೆಮೊರಿ ಮುಗಿದು ಬಿದ್ದಿತು. ಗೂಢಲಿಪೀಕರಿಸಿದ ಡಿಸ್ಕ್ ಇದ್ದರಂತೂ ಇನ್ನೂ ಕಷ್ಟ: ಲಿನಕ್ಸ್‌ನ ಡಿಸ್ಕ್ ಗೂಢಲಿಪೀಕರಣದ ಲಕ್ಸ್ 2 ಮಾದರಿಯಲ್ಲಿ ಕೀಲಿ ತೆರೆಯುವ ಆರ್ಗಾನ್2 ವಿಧಾನವೊಂದೇ 1 ಜಿಬಿವರೆಗೆ ಮೆಮೊರಿ ಕೇಳಬಲ್ಲದು, ಎತ್ತಿಟ್ಟಿರುವುದೋ 256 ಎಂಬಿ. ಅಂಥ ಯಂತ್ರಗಳಲ್ಲಿ ಡಂಪನ್ನು ಎಸ್‌ಎಸ್‌ಎಚ್ ಅಥವಾ ಎನ್‌ಎಫ್‌ಎಸ್ ಮೂಲಕ ಬೇರೆ ಯಂತ್ರಕ್ಕೆ ಕಳಿಸುವುದು ಲೇಸು. ಆದರೆ ಕೆಟ್ಟಿರುವುದು ನೆಟ್‌ವರ್ಕ್ ಚಾಲಕವೇ ಆಗಿದ್ದರೆ ಆ ದಾರಿಯನ್ನೂ ನೆಚ್ಚಿಕೊಳ್ಳಲಾಗದು. ಕಾರ್ಖಾನೆಯಲ್ಲಿ ನಾನು ಸ್ಥಳೀಯ ಡಿಸ್ಕನ್ನೇ ಉಳಿಸಿಕೊಂಡಿದ್ದೇನೆ.

ಅಳತೆಯನ್ನು ಹೆಚ್ಚಿಸಬೇಕಾದರೆ ಮರುಬೂಟ್ ಮಾಡಲೇಬೇಕು. ಓಡುತ್ತಿರುವ ಯಂತ್ರದಲ್ಲಿ ಎರಡನೆಯ ಕರ್ನಲನ್ನು ಮೆಮೊರಿಯಿಂದ ತೆಗೆದು, ಎತ್ತಿಟ್ಟ ಜಾಗವನ್ನು ಕುಗ್ಗಿಸಲು ಮಾತ್ರ ಅವಕಾಶವಿದೆ. ಹಂಗಾಮಿನ ನಡುವೆ ಮರುಬೂಟ್ ಕೇಳುವುದೆಂದರೆ ಏನೆಂದು ಕಾರ್ಖಾನೆಯಲ್ಲಿ ದುಡಿದವರಿಗೆ ಗೊತ್ತು.

ಡಂಪ್‌ನ ಗಾತ್ರದ ಬಗ್ಗೆ ನನಗೆ ದೂರಿಲ್ಲ. ಮೇಕ್‌ಡಂಪ್‌ಫೈಲ್ ಉಪಕರಣಕ್ಕೆ 31ನೆಯ ಮಟ್ಟ ಕೊಟ್ಟರೆ ಸೊನ್ನೆಗಳಿಂದ ತುಂಬಿದ ಪುಟ (ಮೆಮೊರಿಯ ಸಣ್ಣ ತುಂಡು), ಕಡತಗಳ ಕ್ಯಾಶ್ (ಮೆಮೊರಿಯಲ್ಲಿಟ್ಟ ತಾತ್ಕಾಲಿಕ ನಕಲು), ಬಳಕೆದಾರರ ಪ್ರೋಗ್ರಾಂಗಳ ಪುಟ, ಖಾಲಿ ಪುಟ ಎಲ್ಲವನ್ನೂ ಬಿಟ್ಟು ಕರ್ನಲ್‌ಗೆ ಸೇರಿದ್ದನ್ನಷ್ಟೇ ಬರೆಯುತ್ತದೆ. ರೈತರ ಖಾತೆಯ ವಿವರಗಳು ಹೆಚ್ಚಿನಂಶ ಹೊರಗೇ ಉಳಿಯುತ್ತವೆಯಾದರೂ ಕರ್ನಲ್‌ನೊಳಗಿನ ಕೀಲಿಗಳು ಡಂಪ್‌ನಲ್ಲಿ ಇರಬಹುದಾದ್ದರಿಂದ, ಆ ಕಡತವನ್ನು ಯಾರಿಗೆಂದರೆ ಅವರಿಗೆ ಮೇಲ್ ಮಾಡುವುದು ಸಲ್ಲದು.

ಹೊಸದಾಗಿ ಹಾಕಿಸುವವರಿಗೆ ನನ್ನ ಮಾತು ಒಂದೇ: ಸೇವೆ ಚಾಲೂ ಇದೆ ಎಂಬ ಹಸಿರು ಸೂಚನೆಯನ್ನು ನಂಬಬೇಡಿ. ಕೆಲಸವಿಲ್ಲದ ಹೊತ್ತಿನಲ್ಲಿ, ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ಆರ್‌ಕ್ಯು ಟ್ರಿಗರ್ ಕಡತಕ್ಕೆ ‘ಸಿ’ ಅಕ್ಷರ ಬರೆದು ಕರ್ನಲನ್ನು ಬೇಕೆಂದೇ ಕುಸಿಯುವಂತೆ ಮಾಡಿ, ಡಂಪ್ ಬಂದಿತೇ, ಅದು ತೆರೆಯುತ್ತದೆಯೇ ಎಂದು ನೋಡಿ. ಕರ್ನಲ್ ಅಥವಾ ಯಂತ್ರಾಂಶ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಿ.

ಲಿನಕ್ಸ್ 6.17ರಲ್ಲಿ ಸಿಎಂಎ ಎಂಬ ಹೊಸ ಆಯ್ಕೆ ಬಂದಿದೆ. ಅದರಲ್ಲಿ, ಕುಸಿತ ಆಗುವವರೆಗೆ, ಎತ್ತಿಟ್ಟ ಜಾಗದ ದೊಡ್ಡ ಪಾಲನ್ನು ಸಾಮಾನ್ಯ ಪ್ರೋಗ್ರಾಂಗಳು ಬಳಸಿಕೊಳ್ಳಬಹುದು. ಕುಸಿದಾಗ ಅಲ್ಲಿದ್ದ ಅವುಗಳ ಪುಟಗಳು ಡಂಪ್‌ಗೆ ಸಿಗುವುದಿಲ್ಲ, ಅಷ್ಟೇ. ಹೇಗೂ ಆ ಪುಟಗಳನ್ನು ಬಿಟ್ಟೇ ಬರೆಯುವ ನಮ್ಮಂಥವರಿಗೆ ಅದರಿಂದ ನಷ್ಟವಿಲ್ಲ. ಕಡಿಮೆ ಮೆಮೊರಿಯ ಹಳೆಯ ಯಂತ್ರಗಳಿಗೆ ಇದು ಹೊಂದುತ್ತದೆಂದು ನನ್ನ ಅಂದಾಜು. ಮೊದಲು ಕಚೇರಿಯಲ್ಲಿ ಪರೀಕ್ಷಿಸಿ, ಹಂಗಾಮು ಮುಗಿದ ಮೇಲೆ ಕಾರ್ಖಾನೆಗೆ ಹಾಕುವ ಯೋಚನೆಯಿದೆ.