ಅಡಿಕೆ ಮರ ಎಣಿಸಿ ನೋಡಿದ್ದು: ಝೂಮ್ ಬೈನಾಕ್ಯುಲರ್ ಮತ್ತು 8×42

ಈ ಮಳೆಗಾಲವಿಡೀ ಎರಡು ಬೈನಾಕ್ಯುಲರ್ ಹೊತ್ತು ತೀರ್ಥಹಳ್ಳಿ ಸುತ್ತಮುತ್ತ ಹಕ್ಕಿ ನೋಡಿದೆ. ಒಂದು 10-30×50 ಝೂಮ್. ಇನ್ನೊಂದು ಝೂಮ್ ಇಲ್ಲದ 8×42. ಗುಣಾಕಾರದ ಮೊದಲಿನ ಅಂಕಿ ಪವರ್, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು; ನಂತರದ್ದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ. ಹತ್ತಿರದ್ದಕ್ಕೆ 10, ದೂರದ್ದಕ್ಕೆ 30, ಝೂಮ್ ಒಂದಿದ್ದರೆ ಎಲ್ಲಾ ಆಯ್ತು ಎಂದು ನಂಬಿಯೇ ಮೊದಲು ಅದನ್ನು ಕೊಂಡಿದ್ದು. ಎಡವಿದ್ದು ನೋಟದ ಹರವಿನಲ್ಲಿ, ಅಂದರೆ ಕಣ್ಣಿಟ್ಟಾಗ ಒಂದೇ ಸಲಕ್ಕೆ ಎಷ್ಟು ಅಗಲ ಸಿಗುತ್ತದೆ ಎಂಬುದರಲ್ಲಿ.

ಅಳೆಯಲಿಕ್ಕೆ ನಮ್ಮ ತೋಟವೇ ಸಾಕಾಯಿತು. ಅಡಿಕೆ ಮರದಿಂದ ಮರಕ್ಕೆ 9 ಅಡಿ. 100 ಮೀಟರ್ ಆಚೆಯ ಸಾಲಿಗೆ ಕಣ್ಣಿಟ್ಟರೆ 8×42ರಲ್ಲಿ ಸುಮಾರು 5 ಮರದ ಅಗಲ ಸಿಕ್ಕಿತು. ಝೂಮನ್ನು 10ಕ್ಕೆ ಇಟ್ಟರೆ ಎರಡೂವರೆ ಮರವೂ ಇಲ್ಲ. 30ಕ್ಕೆ ತಿರುಗಿಸಿದರೆ ಒಂದು ಮರ, ಪಕ್ಕದ್ದರ ಅಂಚು, ಅಷ್ಟೇ.

ಬರೀ 8ರಿಂದ 10ಕ್ಕೆ ಏರಿದ್ದೇ ಕಾರಣವಾಗಿದ್ದರೆ 4 ಮರವಾದರೂ ಕಾಣಬೇಕಿತ್ತು. ಬೈನಾಕ್ಯುಲರ್ ಮೈಮೇಲೆ ಬರೆದ ಅಂಕಿ ನೋಡಿದಾಗ ವಿಷಯ ತಿಳಿಯಿತು. 8×42ರ ನೋಟದ ಹರವು 7.5 ಡಿಗ್ರಿ, ಝೂಮಿನದ್ದು 3.8, ಅದೂ 10ರಲ್ಲಿದ್ದಾಗ ಮಾತ್ರ. ಡಿಗ್ರಿಯನ್ನು ಪವರ್‌ನಿಂದ ಗುಣಿಸಿ: ಒಂದರಲ್ಲಿ 60, ಇನ್ನೊಂದರಲ್ಲಿ 38. ಕಣ್ಣಿಗೆ ತೋರುವ ವೃತ್ತದ ಅಗಲ ಅದು. ಪವರ್ ಏರಿದಂತೆ ಕಾಣುವ ಮರ ಕಡಿಮೆಯಾದರೂ, ಝೂಮ್ ಕಣ್ಣುಗಾಜಿನಲ್ಲಿ ಈ ವೃತ್ತ ಮಾತ್ರ ಕಡಿಮೆ ಪವರ್‌ನಲ್ಲೇ ಹೆಚ್ಚು ಇಕ್ಕಟ್ಟು. ಕೊಳವೆಯೊಳಗಿಂದ ಇಣುಕಿದ ಹಾಗೆ.

ಮಂಡಗದ್ದೆಯಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ತುಂಗೆಯ ನಡುಗಡ್ಡೆ ತುಂಬ ಗೂಡು. ಝೂಮನ್ನು ಟ್ರೈಪಾಡಿಗೆ ಕೂರಿಸಿ ಪವರ್ ಏರಿಸಿದಾಗ ಬೆಳ್ಳಕ್ಕಿ ಮರಿಯೊಂದು ತಾಯಿಯ ಕೊಕ್ಕನ್ನೇ ಅಡ್ಡ ಕಚ್ಚಿ ಜಗ್ಗುತ್ತಿದ್ದುದು ಕಂಡಿತು. ಮರಿಯ ತಲೆಯ ಕೆದರಿದ ಪುಕ್ಕ ಕೂಡ! ಆ ನೋಟ 8×42ರಲ್ಲಿ ಸಿಗಲಿಲ್ಲ, ಒಪ್ಪುತ್ತೇನೆ. ಆದರೆ ಪಕ್ಕದ ಕೊಂಬೆಯಿಂದ ನೀರುಕಾಗೆ ಹಾರಿದ್ದೇ ತಡ, ಝೂಮಿನಲ್ಲಿ ಬರೀ ಎಲೆ, ಬರೀ ನೀರು. 8×42ರಲ್ಲಿ ಅದನ್ನು ಹೊಳೆಯ ತಿರುವಿನವರೆಗೂ ಹಿಂಬಾಲಿಸಿದೆ.

ಮೋಡದ ಸಂಜೆಗಳಲ್ಲಂತೂ ಹೋಲಿಕೆಯೇ ಬೇಡ. 50ನ್ನು 30ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಡಿ 1.7 ಮಿ.ಮೀ.; 8×42ರಲ್ಲಿ 5ಕ್ಕೂ ಹೆಚ್ಚು. ಕೈಯಲ್ಲಿ ಹಿಡಿದರೆ 30ರಲ್ಲಿ ನಡುಕ ಬೇರೆ. ನನ್ನ ಝೂಮಿನಲ್ಲಿ ಪವರ್ ಏರಿಸಿದಂತೆ ಎರಡು ಕೊಳವೆಯ ಚಿತ್ರ ಕೂಡುವುದಿಲ್ಲ, ಅರ್ಧ ಗಂಟೆಗೆ ತಲೆನೋವು.

ತೋಟದಲ್ಲಿ ಮಂಗಟ್ಟೆ ಕೂಗಿದಾಗ ಈಗ ಕೈ ಹೋಗುವುದು 8×42ಕ್ಕೇ. ಝೂಮ್ ಹೊರಡುವುದು ಟ್ರೈಪಾಡಿನ ಜೊತೆ, ಗೂಡು ನೋಡುವ ದಿನ ಮಾತ್ರ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ಝೂಮನ್ನು ಕಡಿಮೆ ಪವರ್‌ಗೆ ಇಟ್ಟು, ಪಕ್ಕದಲ್ಲೇ ಒಂದು 8×42 ಹಿಡಿದು, ರಸ್ತೆಯಾಚೆಯ ಬೋರ್ಡು ಎಷ್ಟೆಷ್ಟು ಕಾಣುತ್ತದೆ ನೋಡಿ.