ಇವಿ ಇನ್ವರ್ಟರ್ ಕೆಲಸಕ್ಕೆ ಡಿಜಿಟಲ್ ಮೆಗ್ಗರ್: ಕಾರವಾರದ ಮಳೆ ಕಂಡ ಮೇಲೆ

ಕರಾವಳಿಯಲ್ಲಿ ಎಲೆಕ್ಟ್ರಿಕ್ ಕಾರು ರಿಪೇರಿ ಮಾಡುವವರು ಸ್ಕ್ಯಾನರ್ ಆದ ಮೇಲೆ ಮೊದಲು ಕೊಳ್ಳಬೇಕಾದದ್ದು ಇದನ್ನೇ. 250, 500, 1000 ವೋಲ್ಟ್ ಕೊಡುವ, ಕೈಯಲ್ಲಿ ಹಿಡಿಯುವಂಥ ಡಿಜಿಟಲ್ ಮೆಗ್ಗರ್, ಅಂದರೆ ಜಾಸ್ತಿ ವೋಲ್ಟ್ ಬಿಟ್ಟು ಇನ್ಸುಲೇಶನ್ ಎಷ್ಟು ಗಟ್ಟಿ ಅಂತ ಮೆಗಾಓಮಿನಲ್ಲಿ ತೋರಿಸುವ ಮೀಟರು. ಅಂಕಿ ಜಾಸ್ತಿ ಇದ್ದಷ್ಟೂ ಸೋರಿಕೆ ಕಮ್ಮಿ. ನಮ್ಮ ಗ್ಯಾರೇಜು ಕಾರವಾರದಲ್ಲಿ, ಹೆದ್ದಾರಿ 66ರ ಹತ್ತಿರ. ಸಮುದ್ರದ ಗಾಳಿ ಸೀದಾ ಒಳಗೇ ಬರುತ್ತದೆ. ಹಾಗಾಗಿ ಇದು ಡಬ್ಬಿ ಬಿಚ್ಚಿದ ದಿನದ ಖುಷಿಯಲ್ಲಿ ಬರೆದದ್ದಲ್ಲ.

ಮಳೆ ಹಿಡಿದ ಮೇಲೆ ನಮ್ಮಲ್ಲಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಕಾರು 'ರೆಡಿ' ಆಗುವುದಿಲ್ಲ, ಸ್ಕ್ಯಾನರ್ 'ಐಸೊಲೇಶನ್ ಫಾಲ್ಟ್' ಅನ್ನುತ್ತದೆ. ಹೈ ವೋಲ್ಟೇಜ್ ಲೈನಿನಿಂದ ಎಲ್ಲೋ ಕಾರಿನ ಲೋಹದ ಮೈಗೆ ಕರೆಂಟು ಸೋರುತ್ತಿದೆ ಅಂತ ಅಷ್ಟೇ ಅದರರ್ಥ. ಎಲ್ಲಿ ಅಂತ ಹುಡುಕುವುದು ನಮ್ಮ ಕೆಲಸ. ಹುಡುಕಲು ಬೇಜಾರಾದವರು 'ಇನ್ವರ್ಟರ್ ಹೋಗಿದೆ' ಅಂದುಬಿಡುತ್ತಾರೆ. ಬ್ಯಾಟರಿಯ ಡಿಸಿ ಕರೆಂಟನ್ನು ಮೋಟಾರಿಗೆ ಬೇಕಾದ ಎಸಿ ಮಾಡಿ ಕೊಡುವ ಪೆಟ್ಟಿಗೆ ಅದು.

ಶಿರಸಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರಿಗೂ ಬೇರೊಂದು ಕಡೆ ಹೀಗೇ ಹೇಳಿ ಕಳಿಸಿದ್ದರು. "ತಮ್ಮಾ, ಅವರು ಹೇಳಿದ ರೇಟಿಗೆ ಒಂದು ಸಣ್ಣ ಕಾರೇ ಬರ್ತದಲ್ಲೋ" ಅಂತ ತಲೆಗೆ ಕೈಹೊತ್ತು ಕೂತಿದ್ದರು. ಹೈ ವೋಲ್ಟೇಜ್ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಕೈಪಿಡಿ ಹೇಳಿದಷ್ಟು ಹೊತ್ತು ಕಾದು, 1000 ವೋಲ್ಟಿನ ಗ್ಲೌಸ್ ಹಾಕಿಕೊಂಡು ಡಿಸಿ ಲೈನ್ ಸೊನ್ನೆಗೆ ಬಂದಿದೆಯಾ ಅಂತ ಮೊದಲು ನೋಡಿದೆವು. ಆಮೇಲೆ ಇನ್ವರ್ಟರಿನ ಕೇಬಲ್ಲುಗಳನ್ನೆಲ್ಲ ಬಿಡಿಸಿ, ಪ್ಲಸ್ ಮೈನಸ್ ಎರಡನ್ನೂ ಒಂದು ತಂತಿಯಿಂದ ಜೋಡಿಸಿದೆವು. ಮೆಗ್ಗರಿನ ಒಂದು ಕ್ಲಿಪ್ಪು ಅದಕ್ಕೆ, ಇನ್ನೊಂದು ಇನ್ವರ್ಟರಿನ ಅಲ್ಯೂಮಿನಿಯಂ ಪೆಟ್ಟಿಗೆಗೆ. ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಮಾತ್ರ ಯಾವತ್ತೂ ಮೆಗ್ಗರ್ ಹಚ್ಚಬೇಡಿ. 500 ವೋಲ್ಟ್ ಬಿಟ್ಟಾಗ ಅಂಕಿ ಮೊದಲು ಕೆಳಗಿತ್ತು, ಒಳಗಿನ ಫಿಲ್ಟರ್ ಕೆಪಾಸಿಟರುಗಳು ತುಂಬಿದ ಹಾಗೆ ಮೇಲೇರುತ್ತಾ ಹೋಗಿ 200 ಮೆಗಾಓಮ್ ದಾಟಿತು. ಇನ್ವರ್ಟರ್ ಚೆನ್ನಾಗಿಯೇ ಇತ್ತು. ಮೋಟಾರೂ ಸರಿ. ಕಾರು ತಂಪು ಮಾಡುವ ಎಸಿಯ ಕಂಪ್ರೆಸರಿಗೆ ಹಚ್ಚಿದರೆ 0.1 ಮೆಗಾಓಮ್!

ನಿಯಮದ ಪ್ರಕಾರ ವೋಲ್ಟಿಗೆ 500 ಓಮ್ ಇರಬೇಕು. 350 ವೋಲ್ಟಿನ ಕಾರಿಗೆ ಅದು 0.175 ಮೆಗಾಓಮ್ ಆಗುತ್ತದೆ. ಅದಕ್ಕಿಂತ ಕಮ್ಮಿ ಆಗಿದ್ದು ಯಾಕೆ ಅಂದರೆ, ಗ್ಯಾಸ್ ತುಂಬಿಸುವಾಗ ಯಾರೋ ಪೆಟ್ರೋಲ್ ಕಾರಿಗೆ ಹಾಕುವ ಪಿಎಜಿ ಎಣ್ಣೆಯನ್ನೇ ಹೊಡೆದಿದ್ದರು. ಇವಿ ಕಂಪ್ರೆಸರಿನ ಒಳಗೆ ಮೋಟಾರಿನ ಸುರುಳಿಯೇ ಎಣ್ಣೆಯಲ್ಲಿ ನೆನೆದಿರುತ್ತದೆ. ಅದಕ್ಕೆ ಕರೆಂಟು ಹಾಯಿಸದ ಪಿಒಇ ಎಣ್ಣೆಯೇ ಬೇಕು. ಈ ಒಂದು ಕಾರಿನಲ್ಲೇ ಮೆಗ್ಗರಿನ ದುಡ್ಡು ಹುಟ್ಟಿತು ಅನ್ನಿ.

ಇನ್ವರ್ಟರೇ ನಿಜವಾಗಿ ಒದ್ದೆಯಾಗಿದ್ದಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಮುಚ್ಚಳದ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಪಸೆ ಸೇರಿದ್ದರೆ, ಒಣಗಿಸಿದಂತೆ ಅಂಕಿ ಏರುತ್ತದೆ. ಒಣಗಿಸಿದ ಮೇಲೂ ಏರದಿದ್ದರೆ ಬೋರ್ಡಿನ ಮೇಲೆ ಕೂಲಂಟ್ ಒಣಗಿದ ಕಲೆಯನ್ನೋ ಕರಿಗೆರೆಯನ್ನೋ ಹುಡುಕಬೇಕು.

ಇದರಿಂದ ಆಗದ ಕೆಲಸವೂ ಇದೆ. ಒಳಗಿನ ಆರು ಐಜಿಬಿಟಿ ಸ್ವಿಚ್ಚುಗಳಲ್ಲಿ ಒಂದು ಶಾರ್ಟ್ ಆಗಿದ್ದರೆ ಮೆಗ್ಗರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಮಾಮೂಲಿ ಮಲ್ಟಿಮೀಟರಿನ ಡಯೋಡ್ ಮೋಡ್ ಸಾಕು. ಕಪ್ಪು ಪ್ರೋಬ್ ಡಿಸಿ ಪ್ಲಸ್ಸಿಗೆ, ಕೆಂಪು ಪ್ರೋಬ್ ಮೋಟಾರಿಗೆ ಹೋಗುವ ಮೂರೂ ಫೇಸಿಗೆ ಒಂದೊಂದಾಗಿ. ಮೂರೂ ಕಡೆ 0.3ರಿಂದ 0.5ರ ಒಳಗೆ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಆಮೇಲೆ ಕೆಂಪು ಡಿಸಿ ಮೈನಸ್ಸಿಗೆ, ಕಪ್ಪು ಫೇಸುಗಳಿಗೆ. ಎಲ್ಲಾದರೂ ಸೊನ್ನೆ ಬಂದರೆ ಆ ಸ್ವಿಚ್ಚು ಸತ್ತಿದೆ. ಐಜಿಬಿಟಿ ಬದಲು ಸಿಲಿಕಾನ್ ಕಾರ್ಬೈಡ್ ಸ್ವಿಚ್ಚು ಇರುವ ಇನ್ವರ್ಟರುಗಳಲ್ಲಿ ಅಂಕಿ ಇನ್ನೂ ಜಾಸ್ತಿ ಇರುತ್ತದೆ, ಅದು ಫಾಲ್ಟ್ ಅಲ್ಲ. ಈ ಸ್ವಿಚ್ಚುಗಳನ್ನು ಆನ್ ಆಫ್ ಮಾಡಿಸುವ ಗೇಟ್ ಡ್ರೈವರಿನ ತೊಂದರೆ ಹಿಡಿಯಲು ಆಸಿಲೋಸ್ಕೋಪೇ ಬೇಕು.

ಇನ್ನು ಉಪ್ಪುಗಾಳಿಯ ಕಥೆ. ಮೆಗ್ಗರಿಗೆ ಏನೂ ಆಗಿಲ್ಲ, ಜೊತೆಗೆ ಬಂದ ಸಾಮಾನಿನದ್ದೇ ಗೋಳು. ಕ್ಲಿಪ್ಪಿನ ಹಲ್ಲುಗಳಿಗೆ ಬೇಗ ತುಕ್ಕು ಹಿಡಿಯಿತು. ಚೀಲಕ್ಕೆ ಬೂಷ್ಟು ಬಂತು. ಪೆನ್ಸಿಲ್ ಸೆಲ್ ಕೂರುವ ಸ್ಪ್ರಿಂಗಿನಲ್ಲಿ ಹಸಿರು ಕಿಲುಬು. ಆಗಸ್ಟಿನ ಒಂದು ದಿನ ಮೆಗ್ಗರಿನ ಎರಡು ಲೀಡ್‌ಗಳೂ (ಕ್ಲಿಪ್ಪಿನ ತಂತಿಗಳು) ಯಾವುದಕ್ಕೂ ತಾಗದೆ ಒಂದರ ಪಕ್ಕ ಒಂದು ಮೇಜಿನ ಮೇಲೆ ಬಿದ್ದಿದ್ದಾಗಲೇ 40 ಮೆಗಾಓಮ್ ತೋರಿಸುತ್ತಿತ್ತು. ಲೀಡಿನ ಮೇಲೆ ಕೂತ ಉಪ್ಪಿನ ಪಸೆ ಅದು. ಸ್ಪಿರಿಟಿನಲ್ಲಿ ಒರೆಸಿ ಒಣಗಿಸಿದರೆ ರೇಂಜ್ ದಾಟಿ ಹೋಯಿತು. ಈಗ ದಿನಾ ಕೆಲಸ ಶುರು ಮಾಡುವ ಮುಂಚೆ ಲೀಡ್ ಬಿಡಿಯಾಗಿಟ್ಟು ಒಮ್ಮೆ ನೋಡುತ್ತೇವೆ, ಆಮೇಲೆ ಡಬ್ಬಿಯಲ್ಲೇ ಇಟ್ಟಿರುವ 10 ಮೆಗಾಓಮಿನ ಹೈ ವೋಲ್ಟೇಜ್ ರೆಸಿಸ್ಟರಿಗೆ ಹಚ್ಚಿ ನೋಡುತ್ತೇವೆ. ಕ್ಯಾಲಿಬ್ರೇಶನ್ನಿಗೆ ಊರಾಚೆ ಕಳಿಸಬೇಕು, ಅಷ್ಟು ದಿನ ಕೈ ಕಟ್ಟಿದ ಹಾಗೆ.

ಸ್ಕೂಟರ್ ಮಾತ್ರ ರಿಪೇರಿ ಮಾಡುವವರು ಸುಮ್ನೆ ದುಡ್ಡು ಹಾಕಬೇಡಿ, 48 ಅಥವಾ 60 ವೋಲ್ಟಿನ ಕಂಟ್ರೋಲರಿಗೆ ಒಳ್ಳೆಯ ಮಲ್ಟಿಮೀಟರ್ ಸಾಕು. ಕಾರು ಮುಟ್ಟುವವರು ಕೊಳ್ಳಿ. ಕೊಳ್ಳುವಾಗ ಟೆಸ್ಟ್ ಮುಗಿದ ಮೇಲೆ ತಾನೇ ಡಿಸ್ಚಾರ್ಜ್ ಮಾಡುವ ಮಾದರಿಯನ್ನೇ ಕೇಳಿ, ಜೊತೆಗೆ ಒಂದು ಜೋಡಿ ಲೀಡ್ ಎಕ್ಸ್‌ಟ್ರಾ ತಗೊಳ್ಳಿ.